ಟೀಚರಮ್ಮನ ಟಪಾಲು: ಗಂಗಾಮೂಲದ ಮಗಳು

ಪ್ರಶ್ನೆ: ಮೇಡಂ, ಜನವರಿ 3ಕ್ಕೆ ನನ್ನ ಮಗಳು ಶಾಲೆಯಲ್ಲಿ ಸಾವಿತ್ರಿಬಾಯಿ ಫುಲೆ ಬಗ್ಗೆ ಭಾಷಣ ಮಾಡಬೇಕು. “ಹೆಣ್ಣುಮಕ್ಕಳ ಓದಿಗೆ ದುಡಿದವರು ನಮ್ಮ ಕಡೆ ಯಾರೂ ಇಲ್ವಾ?” ಅಂತ ಕೇಳುತ್ತಾಳೆ. ಏನು ಹೇಳಲಿ? – ಒಬ್ಬ ತಾಯಿ, ಕಳಸ

ಕಳಸದಲ್ಲಿ ಕೂತು ಇದನ್ನು ಕೇಳಿದ್ದೀರಲ್ಲ ತಾಯಿ, ನನಗೆ ನಗು ಬಂತು. ಕುದುರೆಮುಖದಿಂದ ಕಾರ್ಕಳದ ಕಡೆ ಹೋಗುವಾಗ ಗಂಗಾಮೂಲ ಇದೆ ನೋಡಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೆಣ್ಣುಮಕ್ಕಳ ಓದಿಗೆ ದುಡಿದ ಪಂಡಿತಾ ರಮಾಬಾಯಿ ಹುಟ್ಟಿದ್ದೂ ಆ ಕಾಡಿನಲ್ಲೇ, 1858ರ ಏಪ್ರಿಲ್ 23ರಂದು. ಇದೇ ಜಿಲ್ಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನಾನು ಇದನ್ನು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲ. ಗೊತ್ತಿದ್ದರೆ ತಾನೇ ಹೇಳುವುದು!

ಕಾಡಿಗೆ ಯಾಕೆ ಬಂದರು ಅನ್ನುವುದೇ ದೊಡ್ಡ ಕಥೆ. ಅವರ ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಪುಣೆಯಲ್ಲಿ ಓದುವಾಗ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡರು. ನನ್ನ ಹೆಂಡತಿಗೂ ಕಲಿಸುತ್ತೇನೆ ಅಂತ ಹಟ ಹಿಡಿದರು. ಮನೆಯವರು ಬಿಡಲಿಲ್ಲ. ಎರಡನೇ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದಾಗ ಗಲಾಟೆ ಜಾಸ್ತಿಯಾಗಿ, ಊರು ಬಿಟ್ಟು ಗಂಗಾಮೂಲದಲ್ಲಿ ಮನೆ ಮಾಡಿದರು. ರಮಾಬಾಯಿ ಆರು ತಿಂಗಳ ಕೂಸಿದ್ದಾಗ ಆ ಮನೆಯನ್ನೂ ಬಿಟ್ಟು ಯಾತ್ರೆ ಹೊರಟರು.

ಅಪ್ಪನಿಗೆ ವಯಸ್ಸಾಗಿತ್ತು. ಹಾಗಾಗಿ ರಮಾಬಾಯಿಗೆ ಪಾಠ ಹೇಳಿದ್ದು ಅಮ್ಮ. ಬೆಳಕು ಹರಿಯುವ ಮೊದಲೇ ಮಗುವನ್ನು ಮುದ್ದು ಮಾಡಿ ಎಬ್ಬಿಸುವುದು, ಬಾಯಲ್ಲೇ ಶ್ಲೋಕ ಹೇಳಿಕೊಡುವುದು. ಪುಸ್ತಕ ಇಲ್ಲ. ಆ ಜಾಗಕ್ಕೆ ಬಂದರೆ ನನಗೆ ನಮ್ಮವ್ವ ನೆನಪಾಗುತ್ತಾಳೆ. ಮಳೆಗಾಲದಲ್ಲಿ ಒಲೆ ಮುಂದೆ ಕೂರಿಸಿಕೊಂಡು, ಒಂದು ಕಡೆ ಒದ್ದೆ ಕಂಬಳಿ ಒಣಗಿಸುತ್ತಾ ಮಗ್ಗಿ ಹೇಳಿಸುತ್ತಿದ್ದಳು. ಅವಳಿಗೆ ಓದು ಬರಹ ಇರಲಿಲ್ಲ. ಏಳೆಂಟ್ಲಿ ಐವತ್ನಾಲ್ಕು ಅಂದರೂ ತಲೆ ಆಡಿಸೋಳು. ಆದರೆ ಎಲ್ಲಾದರೂ ತಡವರಿಸಿದೆನೋ, ಊದುಗೊಳವೆಯಿಂದ ಮಂಡಿಗೆ ಒಂದು ತಟ್ಟು! ಲಕ್ಷ್ಮೀಬಾಯಿಗೆ ಪಾಠವೇ ಗೊತ್ತಿತ್ತು. ಅಷ್ಟೇ ವ್ಯತ್ಯಾಸ ಅನ್ನಲಾರೆ. ಅದು ಬಹಳ ದೊಡ್ಡ ವ್ಯತ್ಯಾಸ.

ಮುಂದಿನದು ಬೇಗ ಹೇಳುತ್ತೇನೆ. ಬರಗಾಲದಲ್ಲಿ ಅಪ್ಪ ಅಮ್ಮ ತೀರಿಹೋದರು. ಅಣ್ಣ ತಂಗಿ ನಡೆದುಕೊಂಡೇ ದೇಶ ಸುತ್ತಿದರು. 1878ರಲ್ಲಿ ಕಲ್ಕತ್ತಾದ ವಿದ್ವಾಂಸರು ರಮಾಬಾಯಿಗೆ ಪಂಡಿತಾ, ಸರಸ್ವತಿ ಅನ್ನುವ ಬಿರುದು ಕೊಟ್ಟರು. 1882ರಲ್ಲಿ, ಶಿಕ್ಷಣದ ಬಗ್ಗೆ ವಿಚಾರಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷಿ ಹೇಳಿದರು: ಹೆಂಗಸರನ್ನು ಟೀಚರ್ ಮಾಡಿ, ಇನ್ಸ್‌ಪೆಕ್ಟರ್ ಮಾಡಿ, ಡಾಕ್ಟರ್ ಓದಿಗೂ ಸೇರಿಸಿಕೊಳ್ಳಿ ಅಂತ. ಓದಿದ ಗಂಡಸರಲ್ಲೇ ನೂರಕ್ಕೆ 99 ಜನ ಹೆಣ್ಣಿನ ಓದಿಗೆ ಅಡ್ಡ ಅಂತಲೂ ಹೇಳಿದರು. ಆಗ ಅವರಿಗೆ 24 ವರ್ಷ, ಗಂಡನನ್ನು ಕಳೆದುಕೊಂಡಿದ್ದರು, ಕಂಕುಳಲ್ಲಿ ಪುಟ್ಟ ಮಗಳು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ನಮ್ಮವರು ಅವರ ಹೆಸರು ಹೇಳಲು ಹಿಂದೆಮುಂದೆ ನೋಡುವುದಕ್ಕೆ ಇದೂ ಕಾರಣ ಅಂತ ನನ್ನ ಅನಿಸಿಕೆ. ಮಗಳ ಭಾಷಣದಲ್ಲಿ ಅದನ್ನು ಮುಚ್ಚಿಡಬೇಡಿ. ಸಾವಿತ್ರಿಬಾಯಿಯವರನ್ನೂ ಬಿಡಬೇಡಿ, ಹುಟ್ಟುಹಬ್ಬ ಅವರದು.

ಪ್ರಶ್ನೆ: ಸಾವಿತ್ರಿಬಾಯಿ ಜೊತೆ ಪಾಠ ಮಾಡಿದ ಫಾತಿಮಾ ಶೇಖ್ ಸುಮ್ನೆ ಕಟ್ಟಿದ ಕಥೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ? – ಓದುಗ, ಅರಸೀಕೆರೆ

1856ರಲ್ಲಿ ಸಾವಿತ್ರಿಬಾಯಿ ತವರಿನಿಂದ ಗಂಡ ಜ್ಯೋತಿರಾವ್‌ಗೆ ಬರೆದ ಕಾಗದದಲ್ಲಿ ಫಾತಿಮಾ ಹೆಸರಿದೆ. ತಾನಿಲ್ಲದೆ ಅವಳಿಗೆ ಕೆಲಸ ಹೆಚ್ಚಾಗಿರುತ್ತದೆ, ಆದರೂ ಗೊಣಗುವವಳಲ್ಲ ಅನ್ನುವ ಅರ್ಥದ ಮಾತು ಅದು. ರಜೆ ಹಾಕಿದ ದಿನ ಪಕ್ಕದ ತರಗತಿಯ ಟೀಚರ್ ಬಗ್ಗೆ ನಮಗೂ ಹೀಗೇ ಅನಿಸುತ್ತಿತ್ತು. ಆ ವಾಟ್ಸಾಪ್ ಕಳಿಸಿದವರಿಗೆ ಈ ಕಾಗದದ ವಿಷಯ ಕಳಿಸಿ.

ಪ್ರಶ್ನೆ: ನನಗೆ 52. ಒಂಬತ್ತನೇ ಕ್ಲಾಸಿಗೆ ಬಿಡಿಸಿದರು. ಈಗ ಎಸ್ಸೆಸ್ಸೆಲ್ಸಿ ಕಟ್ಟಿದರೆ ಜನ ನಗಲ್ವಾ? – ಓದುಗಳು, ಚನ್ನರಾಯಪಟ್ಟಣ

ನಗುತ್ತಾರೆ. ಎರಡು ದಿನ. ರಮಾಬಾಯಿ ಬೈಬಲನ್ನು ಮರಾಠಿಗೆ ತರಬೇಕು ಅಂತ ಹೀಬ್ರೂ, ಗ್ರೀಕ್ ಹಿಡಿದು ಕೂತದ್ದು ನಡುವಯಸ್ಸಿನಲ್ಲಿ. ನಿಮಗೆ ಕನ್ನಡವೇ ಸಾಕು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು. ಹತ್ತಿರದ ಹೈಸ್ಕೂಲ್ ಆಫೀಸಿನಲ್ಲಿ ವಿಚಾರಿಸಿ. ಹಳೇ ಟಿ.ಸಿ. ಎಲ್ಲಿಟ್ಟಿದ್ದೀರಿ ಅಂತ ಇವತ್ತೇ ಹುಡುಕಲು ಶುರು ಮಾಡಿ, ಅಕ್ಕಾ. ಗಣಿತ ತಲೆಗೆ ಹತ್ತದಿದ್ದರೆ ನನಗೆ ಬರೆಯಿರಿ.