ಸಾಗರದ ತಂಗಿಗೆ: 3 ಕಿ.ಮೀ. ಈಜು, 120 ಕಿ.ಮೀ. ಸೈಕಲ್, ಕೈಯಲ್ಲಿರೋದು ಐದು ತಿಂಗಳು

ತಂಗೀ, ನೀನು ಬರೆದದ್ದನ್ನ ನಿಧಾನಕ್ಕೆ ಎರಡು ಸಲ ಓದಿದೆ. ಮಂಡಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿದಿದೆ, ಡಾಕ್ಟ್ರು ಇನ್ನು ಓಡೋದು ಬೇಡ ಅಂದಿದ್ದಾರೆ, ಈಜು ಚಿಕ್ಕಂದಿನಿಂದ ಬರುತ್ತೆ, ಸೈಕಲ್ ಎರಡು ವರ್ಷದಿಂದ ತುಳೀತಿದ್ದೀಯ. ಫೆಬ್ರವರಿ ಕೊನೆಯ ಈಜು-ಸೈಕಲ್ ರೇಸಿಗೆ ಹೆಸರು ಕೊಡಬಹುದಾ, ಶರಾವತಿ ಹಿನ್ನೀರಲ್ಲಿ ಒಬ್ಬಳೇ ಅಭ್ಯಾಸ ಮಾಡಿದ್ರೆ ಸಾಕಾ ಅಂತ ಕೇಳಿದ್ದೀಯ. ಸೈಕಲ್ ತುಳಿಯೋಕೆ ಡಾಕ್ಟ್ರು ಒಪ್ಪಿದ್ದರೆ ಹೆಸರು ಕೊಡು. ಒಬ್ಬಳೇ ಹಿನ್ನೀರಿಗೆ ಇಳಿಯೋದು ಮಾತ್ರ ಬೇಡ.

ನಿನ್ನ ಪ್ರಶ್ನೆಯ ಕೆಳಗೆ ಒಬ್ಬರು 'ಓಟ ಇಲ್ವಲ್ಲ, ಸೈಕಲ್ ಮೇಲೆ ಇರೋ ಶಕ್ತಿ ಎಲ್ಲಾ ಸುರಿದುಬಿಡಿ' ಅಂತ ಬರೆದಿದ್ದಾರೆ. ಇಷ್ಟುದ್ದ ಬರೆಯೋಕೆ ಕೂತಿದ್ದು ಆ ಮಾತಿನಿಂದಲೇ. ಅದನ್ನೇ ನಂಬಿ ನಾನು ಒಂದು ರೇಸ್ ಹಾಳು ಮಾಡಿಕೊಂಡಿದ್ದೀನಿ. ಈಜು, ಸೈಕಲ್, ಓಟ ಮೂರೂ ಇರೋ ಟ್ರಯಥ್ಲಾನ್‌ನಿಂದ ಓಟ ತೆಗೆದರೆ ಉಳಿಯೋ ಈ ರೇಸಿಗೆ ಅಕ್ವಾಬೈಕ್ ಅಂತಾರೆ. 2017ರಲ್ಲಿ ಕೆನಡಾದ ಪೆಂಟಿಕ್ಟನ್‌ನಲ್ಲಿ ಇದಕ್ಕೇ ಅಂತ ವಿಶ್ವ ಚಾಂಪಿಯನ್‌ಶಿಪ್ ಶುರುವಾಯ್ತು, ಅಲ್ಲಿಯ ದೂರವೂ 3 ಮತ್ತು 120 ಕಿಲೋಮೀಟರೇ. ಗೋವಾದಲ್ಲಿ 2019ರಲ್ಲಿ ಶುರುವಾದ ಅರ್ಧ ಐರನ್‌ಮ್ಯಾನ್ ಟ್ರಯಥ್ಲಾನ್ ಜೊತೆ ಇಟ್ಟು ನೋಡು. ಅಲ್ಲಿ ಈಜು 1.9 ಕಿ.ಮೀ., ಸೈಕಲ್ 90 ಕಿ.ಮೀ. ನಿನ್ನದರಲ್ಲಿ ಈಜು ಅದರ ಒಂದೂವರೆ ಪಟ್ಟಿಗೂ ಜಾಸ್ತಿ, ಸೈಕಲ್ ಮೂರನೇ ಒಂದು ಭಾಗ ಜಾಸ್ತಿ. ಓಟ ಇಲ್ಲ ಅಂತ ಯಾರಾದ್ರೂ ಅರ್ಧ ರೇಸ್ ಅಂದ್ರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲು ನೀರಿನ ವಿಷಯ. ಹಿನ್ನೀರು ನೀನು ಹುಟ್ಟಿ ಬೆಳೆದ ನೀರು, ಅದರ ಭಯ ನಿನಗಿಲ್ಲ ಅಂತ ಗೊತ್ತು. ಆದರೆ ಚಿಕ್ಕವರಿದ್ದಾಗ ನಾವು ದಡದ ಹತ್ತಿರ, ಹತ್ತು ಜನ ಗಲಾಟೆ ಮಾಡ್ತಾ ಈಜ್ತಿದ್ವಿ. ಒಂದೂವರೆ ಗಂಟೆ ಮುಖ ಮುಳುಗಿಸಿಕೊಂಡು ನಡುನೀರಲ್ಲಿ ಹೋಗೋದು ಬೇರೆಯೇ ಕೆಲಸ. ಈಗ ಮಳೆಗಾಲ ಮುಗಿಯೋ ಹೊತ್ತು, ಲಿಂಗನಮಕ್ಕಿ ಅಣೆಕಟ್ಟು ತುಂಬಿರುತ್ತೆ. ಬೇಸಿಗೆಯಲ್ಲಿ ಎದ್ದು ಕಾಣೋ ಒಣ ಮರದ ಬೊಡ್ಡೆಗಳೆಲ್ಲ ಈಗ ನೀರೊಳಗೆ ಅಡಗಿರುತ್ತವೆ, ಕೆಲವು ನೀರಿನ ಮಟ್ಟದಿಂದ ಒಂದಡಿ, ಎರಡಡಿ ಕೆಳಗೇ ಇರುತ್ತವೆ. ಮೇಲಿನಿಂದ ನೋಡಿದ್ರೆ ಕನ್ನಡಿ ಹಾಗಿರೋ ನೀರಲ್ಲಿ ಕೈ ಬೀಸಿದಾಗ ಬೊಡ್ಡೆಗೆ ಬಡಿದ್ರೆ ಬೆರಳು ಮುರಿಯುತ್ತೆ. ಮೀನಿನ ಬಲೆ ಇನ್ನೂ ಅಪಾಯ. ಸಂಜೆ ಬಿಟ್ಟ ಬಲೆ ಬೆಳಗ್ಗೆ ಅಲ್ಲೇ ಇರುತ್ತೆ, ಕಾಲಿಗೆ ಸುತ್ತಿಕೊಂಡ ಮೇಲೆ ಒದ್ದಷ್ಟೂ ಬಿಗಿಯಾಗುತ್ತೆ. ಅದಕ್ಕೇ ಹೇಳ್ತಿರೋದು: ಆ ಜಾಗದಲ್ಲಿ ಬಲೆ ಬಿಡೋರನ್ನೇ ಕೇಳಿ ಒಂದು ದೋಣಿ ಗೊತ್ತು ಮಾಡ್ಕೋ, ಅವರು ನಿನ್ನ ಪಕ್ಕದಲ್ಲೇ ಬರಲಿ, ದೋಣಿಯಲ್ಲಿ ಒಂದು ಲೈಫ್ ಜಾಕೆಟ್ ಇರಲಿ. ಸೊಂಟಕ್ಕೆ ಕಟ್ಟೋ ಕಿತ್ತಳೆ ಬಣ್ಣದ ಗಾಳಿ ಬುರುಡೆ ಸಿಗುತ್ತೆ, ಅದನ್ನ ಎಳಕೊಂಡೇ ಈಜು. ದೂರದಿಂದ ಕಾಣುತ್ತೆ, ಸುಸ್ತಾದ್ರೆ ಹಿಡ್ಕೊಂಡು ಉಸಿರು ತಗೋಬಹುದು. ಹೊನ್ನೇಮರಡುವಿನಲ್ಲಿ ನೀರಿನ ಸಾಹಸ ಕಲಿಸೋರಿದ್ದಾರೆ, ಅಲ್ಲಿ ವಿಚಾರಿಸು. ಅಣೆಕಟ್ಟಿನ ಹತ್ತಿರ ಎಲ್ಲೂ ಇಳಿಯಬೇಡ. ನಮ್ಮ ಕಡೆ ಗಾಜನೂರಿನಲ್ಲೂ ಅಷ್ಟೇ. ತುಂಗೆಯಲ್ಲಿ ಮರಳು ತೆಗೆದ ಗುಂಡಿಗಳು ಬೇರೆ, ಸೊಂಟದುದ್ದ ನೀರು ಅಂತ ಹೆಜ್ಜೆ ಇಟ್ಟರೆ ಮುಂದಿನ ಹೆಜ್ಜೆಗೆ ನೆಲ ಸಿಗಲ್ಲ. ಮೈಮೇಲೆ ಗಾಯ ಇದ್ದಾಗ ಮಳೆಗಾಲದ ಕೆಂಪು ನೀರಿಗೆ ಇಳಿಯಬೇಡ, ಇಲಿಜ್ವರ ನಮ್ಮ ಸೀಮೆಯಲ್ಲಿ ಹೊಸದಲ್ಲ.

ಇನ್ನು ಈಜುವ ರೀತಿ. ಒಣ ತೆಂಗಿನಕಾಯಿ ಕಟ್ಟಿಕೊಂಡು ಕಲಿತ ನಮ್ಮಂಥವರಿಗೆಲ್ಲ ಒಂದೇ ಅಭ್ಯಾಸ: ತಲೆ ನೀರಿನಿಂದ ಮೇಲೆ, ಕಾಲು ಕಪ್ಪೆ ಥರ. ನಿನ್ನ ಮಂಡಿಗೆ ಆ ಕಪ್ಪೆ ಒದೆತವೇ ಶತ್ರು. ಕಾಲನ್ನ ಹೊರಕ್ಕೆ ತಿರುಗಿಸಿ ಒದೆಯುವಾಗ ಮಂಡಿಯ ಒಳಬದಿಗೆ ತಿರುಚು ಬೀಳುತ್ತೆ. ಒಂದೊಂದೇ ಕೈ ಮುಂದೆ ಬೀಸಿ ಈಜೋ ಫ್ರೀಸ್ಟೈಲ್‌ಗೆ ಬದಲಾಗು. ತಲೆ ಎತ್ತಿದ್ರೆ ಸೊಂಟ ಮುಳುಗುತ್ತೆ, ಸೊಂಟ ಮುಳುಗಿದ್ರೆ ಕಾಲು ಜೋರಾಗಿ ಬಡಿಯಬೇಕಾಗುತ್ತೆ, ಆ ಬಡಿತದಲ್ಲಿ ಸೈಕಲ್‌ಗೆ ಬೇಕಾದ ತೊಡೆ ಸುಸ್ತಾಗುತ್ತೆ. ಮುಖ ನೀರೊಳಗೆ, ಕಣ್ಣು ತಳ ನೋಡ್ಲಿ, ಉಸಿರನ್ನ ನೀರೊಳಗೇ ಸಣ್ಣಗೆ ಬಿಡ್ತಾ ಇರು. ನಮ್ಮಲ್ಲಿ ಬಹಳ ಜನಕ್ಕೆ ದಮ್ಮು ಕಟ್ಟೋದು ಉಸಿರು ಬಿಡದೆ ಹಿಡಿದಿಟ್ಟುಕೊಳ್ಳೋದ್ರಿಂದ. ಕಾಲು ತೇಲೋಕೆ ಬೇಕಾದಷ್ಟು ಆಡಿದ್ರೆ ಸಾಕು. ಒಂದು ತಿಂಗಳು ಬರೀ ಇದಕ್ಕೇ ಕೊಡು, ದೂರ ಲೆಕ್ಕ ಹಾಕಬೇಡ. ವಾರಕ್ಕೊಂದು ದಿನ ಶಿವಮೊಗ್ಗಕ್ಕೆ ಬಂದು ಕೊಳದಲ್ಲಿ ಯಾರಾದ್ರೂ ನೋಡಿ ತಿದ್ದೋ ಹಾಗೆ ಮಾಡ್ಕೊಂಡ್ರೆ ಆ 70 ಚಿಲ್ಲರೆ ಕಿಲೋಮೀಟರ್ ಬಸ್ಸು ದಂಡ ಅಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡು. ಕೊಳದಲ್ಲಿ 400 ಮೀಟರ್ ಪೂರ್ತಿ ಪ್ರಯತ್ನ ಹಾಕಿ ಈಜಿ ಸಮಯ ಬರ್ಕೋ. ಚೆನ್ನಾಗಿ ವಿಶ್ರಾಂತಿ ತಗೊಂಡು 200 ಮೀಟರ್ ಅದೇ ಥರ. ಮೊದಲನೆಯದರಲ್ಲಿ ಎರಡನೆಯದು ಕಳೆದು ಎರಡರಿಂದ ಭಾಗಿಸು. 400ಕ್ಕೆ 9 ನಿಮಿಷ 20 ಸೆಕೆಂಡು, 200ಕ್ಕೆ 4 ನಿಮಿಷ 20 ಸೆಕೆಂಡು ಬಂದ್ರೆ ವ್ಯತ್ಯಾಸ 5 ನಿಮಿಷ, ಅಂದ್ರೆ 100 ಮೀಟರ್‌ಗೆ ಎರಡೂವರೆ ನಿಮಿಷ. ಆ ವೇಗದಲ್ಲೇ ಉಳಿದ್ರೂ 3 ಕಿ.ಮೀ.ಗೆ 75 ನಿಮಿಷ. ಬಯಲು ನೀರಲ್ಲಿ ಗೆರೆ ಇರಲ್ಲ, ಗೋಡೆ ಒದ್ದು ತಿರುಗೋ ಅನುಕೂಲ ಇರಲ್ಲ, ಸುತ್ತಿ ಸುತ್ತಿ ಹೋಗ್ತೀವಿ, ಹಾಗಾಗಿ ಹತ್ತು ಹದಿನೈದು ನಿಮಿಷ ಜಾಸ್ತಿ ಇಟ್ಕೋ. ಅದನ್ನ ರೇಸಿನವರ ಕಟ್‌ಆಫ್ (ಈಜು ಮುಗಿಸಲೇಬೇಕಾದ ಸಮಯ) ಜೊತೆ ಹೋಲಿಸಿ ನೋಡು. ನೇರ ಹೋಗೋಕೆ ಪ್ರತಿ ಎಂಟತ್ತು ಕೈಗೊಮ್ಮೆ ಮೊಸಳೆ ಥರ ಕಣ್ಣಷ್ಟೇ ಮೇಲೆತ್ತಿ ಗುರಿ ನೋಡ್ಬೇಕು. ದಡದಲ್ಲಿ ಎತ್ತರದ ಒಂದು ಮರ ಗುರುತು ಇಟ್ಕೊಂಡು ಅಭ್ಯಾಸ ಮಾಡು. ರೇಸಿನ ದಿನ ಮೊದಲ ಇನ್ನೂರು ಮೀಟರ್‌ನಲ್ಲಿ ಸುತ್ತ ಕೈಕಾಲು ಬಡಿದು ಎದೆ ಢವಢವ ಅನ್ನುತ್ತೆ, ಬಹಳ ಜನಕ್ಕೆ ಹಾಗಾಗುತ್ತೆ. ಆಗ ಅಂಗಾತ ಮಲಗಿ ಇಪ್ಪತ್ತು ಉಸಿರು ಎಣಿಸು, ಕೈ ಎತ್ತಿದ್ರೆ ಕಾವಲಿನ ದೋಣಿ ಬರುತ್ತೆ.

ಸೈಕಲ್‌ನಲ್ಲಿ ಮೊದಲ ಕೆಲಸ ಸೀಟಿನ ಎತ್ತರ. ಹೋದ ತಿಂಗಳು ಸಕ್ರೆಬೈಲಿಗೆ ಹೋದಾಗ ನಿನ್ನ ಹಿಂದೇ ಬರ್ತಿದ್ದೆ, ನಿನ್ನ ಸೀಟು ತಗ್ಗಿದೆ, ಮಂಡಿ ತುಂಬಾ ಮಡಚ್ತಿದೆ. ತಗ್ಗಿದ ಸೀಟು ಮಂಡಿಚಿಪ್ಪಿನ ಮೇಲೆ ಒತ್ತಡ ಹಾಕುತ್ತೆ. ಗೋಡೆಗೆ ಒರಗಿ ಕೂತು ಪೆಡಲ್ ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಟ್ಟಾಗ ಕಾಲು ನೇರ ಆಗ್ಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಮಡಚಿರುತ್ತೆ. ಒಂದೇ ಸಲ ಏರಿಸಬೇಡ, ವಾರಕ್ಕೆ ಮೂರ್ನಾಲ್ಕು ಮಿಲಿಮೀಟರ್ ಸಾಕು. ದೊಡ್ಡ ಗೇರಿನಲ್ಲಿ ಒತ್ತಿ ಒತ್ತಿ ತುಳಿಯೋ ಚಟ ಬಿಡು, ನಿಮಿಷಕ್ಕೆ 80ರಿಂದ 90 ಸುತ್ತು ಬರೋ ಹಗುರ ಗೇರಿಗೆ ಬಾ. ನಮ್ಮ ಏರಿಗೆ ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಹಲ್ಲಿನ ಚಕ್ರ ಇದ್ರೆ ಮಂಡಿ ಬದುಕುತ್ತೆ.

ದಾರಿ ನಿನ್ನ ಮನೆ ಮುಂದೇ ಇದೆ. ಸಾಗರದಿಂದ ತಾಳಗುಪ್ಪದ ಮೇಲೆ ಜೋಗಕ್ಕೆ ಹೋಗಿ ಬಂದ್ರೆ ಸುಮಾರು 60 ಕಿ.ಮೀ. ಎರಡು ಸಲ ಹೋಗಿ ಬಂದ್ರೆ ರೇಸಿನ ದೂರ ಮುಗೀತು, ನಡುವೆ ಮನೆಗೇ ಬಂದು ಬಾಟಲಿ ತುಂಬಿಸ್ಕೋಬಹುದು. ನಾನು ಶಿವಮೊಗ್ಗದಿಂದ ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗಿ ಬರ್ತೀನಿ, ಅದೂ ಹತ್ತಿರ ಹತ್ತಿರ ರೇಸಿನಷ್ಟೇ ದೂರ ಆಗುತ್ತೆ. ಮಳೆ ಪೂರ್ತಿ ಬಿಡೋ ತನಕ ಮರದ ನೆರಳಿನ ತಿರುವುಗಳಲ್ಲಿ ಪಾಚಿ ಇರುತ್ತೆ. ತಿರುವಿಗೆ ಮುಂಚೆ ಬ್ರೇಕ್ ಹಿಡಿ, ತಿರುವಿನೊಳಗೆ ಬಿಟ್ಟುಬಿಡು. ಅಡಿಕೆ ಕೊಯ್ಲು ಶುರುವಾದ ಮೇಲೆ ರಸ್ತೆ ಅಂಚಿನ ಸಿಪ್ಪೆ ರಾಶಿ ನೋಡ್ಕೋ, ಇಬ್ಬನಿಯಲ್ಲಿ ಅದು ಸೋಪಿನ ಹಾಗೆ ಜಾರುತ್ತೆ. ಮಂಜಿದ್ರೆ ಹಿಂದೆ ಮುಂದೆ ಎರಡೂ ಲೈಟ್ ಹಾಕು. ಇನ್ನೊಂದು ಮಾತು. ಡಿಸೆಂಬರ್ ಆದ ಮೇಲೆ ಸುಧಾರಿಸಿಕೊಳ್ಳೋಕೆ ಅಂತ ಕಾಡಂಚಿನ ತರಗೆಲೆ ಮೇಲೆ ಕೂರಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ, ಹರಡೋದು ಉಣುಗಿನಿಂದ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಹಂಚೋ ಡೆಪಾ ಎಣ್ಣೆ ಕಾಲಿಗೆ ಹಚ್ಕೋ, ಮನೆಗೆ ಬಂದ ತಕ್ಷಣ ಬಿಸಿನೀರು ಹಾಕ್ಕೊಂಡು ಬಟ್ಟೆ ಒಗೆದುಬಿಡು.

ಈಗ ಊಟ. ನನ್ನ ರೇಸ್ ಹಾಳಾಗಿದ್ದು ಇಲ್ಲೇ. ಈಜು ಕಡಲಲ್ಲಿತ್ತು, ಉಪ್ಪುನೀರು ಕುಡಿದು ಹೊಟ್ಟೆ ತೊಳೆಸ್ತಿತ್ತು. ಸೈಕಲ್ ಹತ್ತಿದ ಮೇಲೆ ಆಮೇಲೆ ತಿಂದರಾಯ್ತು ಅಂತ ಮುಂದೂಡಿದೆ. ಕಾಲು ಹಗುರ ಇತ್ತು, ಓಟ ಬೇರೆ ಇಲ್ಲ, ಹಾಗಾಗಿ ಮೊದಲ 40 ಕಿ.ಮೀ. ಮೈಮರೆತು ತುಳಿದೆ. ಒಬ್ಬೊಬ್ಬರನ್ನೇ ಹಿಂದೆ ಹಾಕ್ತಾ ಇದ್ದೆ, ಅಷ್ಟು ಖುಷಿ. 85ನೇ ಕಿಲೋಮೀಟರ್ ಹತ್ತಿರ ಕೈ ನಡುಗೋಕೆ ಶುರುವಾಯ್ತು, ಕಣ್ಣಿಗೆ ಕತ್ತಲೆ ಬಂತು, ತೆಂಗಿನ ತೋಟದ ಬೇಲಿ ಪಕ್ಕ ಕೂತುಬಿಟ್ಟೆ. ಹಿಂದೆ ಹಾಕಿದ್ದವರೆಲ್ಲ ಮುಂದೆ ಹೋದ್ರು. ಜೇಬಲ್ಲಿದ್ದ ಚಿಕ್ಕಿ ತಿಂದು ಎದ್ದೇಳೋಕೆ ಇಪ್ಪತ್ತು ನಿಮಿಷ ಹಿಡೀತು, ಉಳಿದ 35 ಕಿ.ಮೀ. ತೆವಳಿದ ಹಾಗೆ ಹೋದೆ. ಆ ದಿನ ರಾತ್ರಿ ಅತ್ತಿದ್ದೀನಿ ತಂಗಿ. ಐದು ತಿಂಗಳ ಬೆಳಗ್ಗೆಗಳು ಒಂದು ಬಾಳೆಹಣ್ಣು ತಿನ್ನದ್ದಕ್ಕೆ ಹೋದವು.

ಲೆಕ್ಕ ಹೀಗೆ. ಗಂಟೆಗೆ 24ರ ಸರಾಸರಿಯಲ್ಲಿ 120 ಕಿ.ಮೀ.ಗೆ ಐದು ಗಂಟೆ. ಗಂಟೆಗೆ ಕಡಿಮೆ ಅಂದ್ರೂ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಬೇಕು, ಒಟ್ಟು 300 ಗ್ರಾಂ. ದುಬಾರಿ ಜೆಲ್ ಪೊಟ್ಟಣಗಳೇ ಬೇಕು ಅಂತೇನಿಲ್ಲ. ನನ್ನ 750 ಮಿ.ಲೀ. ಬಾಟಲಿಗೆ 50 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು, ಮುರುಗಲ ಸಿಪ್ಪೆ ನೆನೆಸಿದ ನೀರು. ಇಂಥ ಒಂದು ಬಾಟಲಿ ಗಂಟೆಗೆ, ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು ಅಥವಾ ಒಂದು ತುಂಡು ಚಿಕ್ಕಿ, ಅಲ್ಲಿಗೆ 60 ದಾಟುತ್ತೆ. ಸೈಕಲ್ ಹತ್ತಿ ಹತ್ತು ನಿಮಿಷ ಬರೀ ನೀರು ಗುಟುಕರಿಸಿ ಹೊಟ್ಟೆ ಸಮಾಧಾನ ಮಾಡು, ಆಮೇಲೆ ವಾಚಿಗೆ ಇಪ್ಪತ್ತು ನಿಮಿಷದ ಅಲಾರಂ ಇಟ್ಟು ಪ್ರತಿ ಸಲ ಸ್ವಲ್ಪ ತಿನ್ನು. ಹಸಿವಿಗೆ ಕಾಯಬೇಡ. ಹಾಗಂತ ಬರೀ ನೀರನ್ನೇ ಗಟಗಟ ಕುಡೀಬೇಡ, ರಕ್ತದಲ್ಲಿ ಉಪ್ಪಿನಂಶ ಇಳಿದ್ರೆ ತಲೆಸುತ್ತು, ವಾಂತಿ, ಅದಕ್ಕಿಂತ ಕೆಟ್ಟದ್ದೂ ಆಗುತ್ತೆ. ಹೊಟ್ಟೆಗೂ ಅಭ್ಯಾಸ ಬೇಕು, ಹಾಗಾಗಿ ಪ್ರತಿ ಭಾನುವಾರದ ಉದ್ದ ಸವಾರಿಯಲ್ಲಿ ಇದನ್ನೇ ತಿನ್ನು, ರೇಸಿನ ದಿನ ಹೊಸದೇನೂ ಬೇಡ. ಬೆಳಗ್ಗೆ ಮೂರು ಗಂಟೆ ಮುಂಚೆ ಕೊಟ್ಟೆ ಕಡುಬು, ಬೆಲ್ಲ ಸಾಕು, ತುಪ್ಪ ಆ ದಿನ ಬಿಡು.

ವೇಗಕ್ಕೆ ನನ್ನ ಅಳತೆ ಮಾತು. ಮೊದಲ 40 ಕಿ.ಮೀ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಲಿ, ನಿಧಾನ ಅನ್ನಿಸಿದ್ರೂ. ಮುಂದಿನ 40ರಲ್ಲಿ ಅರ್ಧ ವಾಕ್ಯ. ಕೊನೆಯ 40ರಲ್ಲಿ ಒಂದೊಂದೇ ಮಾತು ಬಂದ್ರೂ ಪರವಾಗಿಲ್ಲ, ಓಟ ಇಲ್ಲದ ಲಾಭ ಸಿಗೋದು ಅಲ್ಲಿ ಮಾತ್ರ. ಈ ಥರ ತುಳಿದ ಮುಂದಿನ ರೇಸಲ್ಲಿ ಕೊನೆಯ ಭಾಗವೇ ನನಗೆ ಎಲ್ಲಕ್ಕಿಂತ ವೇಗದ್ದಾಯ್ತು.

ನಿಯಮಗಳನ್ನ ರೇಸಿನವರ ಪುಸ್ತಿಕೆಯಲ್ಲೇ ಓದು. ಸಾಮಾನ್ಯವಾಗಿ ಎಡವೋದು ಇಷ್ಟು: ಸೈಕಲ್ ಸ್ಟ್ಯಾಂಡಿನಿಂದ ತೆಗೆಯೋ ಮುಂಚೆ ಹೆಲ್ಮೆಟ್ ಪಟ್ಟಿ ಹಾಕಿರಬೇಕು. ಸ್ಟ್ಯಾಂಡಿನ ಜಾಗದಾಚೆ ಹಾಕಿರೋ ಗೆರೆ ದಾಟೋ ತನಕ ಸೈಕಲ್ ಹತ್ತೋ ಹಾಗಿಲ್ಲ. ಉದ್ದದ ರೇಸುಗಳಲ್ಲಿ ಮುಂದಿನ ಸೈಕಲ್‌ಗೆ 12 ಮೀಟರ್ ಅಂತರ ಬಿಡೋದು ವಾಡಿಕೆ, ಗಾಳಿ ಮರೆಯಲ್ಲಿ ಹೋದ್ರೆ ದಂಡ. ಹೊರಗಿನವರ ಸಹಾಯ ಇಲ್ಲ, ಪಂಕ್ಚರ್ ನೀನೇ ಹಾಕ್ಬೇಕು. ಎರಡು ಟ್ಯೂಬ್ ಇಟ್ಕೋ, ಮನೆಯಲ್ಲಿ ಹಿಂದಿನ ಚಕ್ರ ಬಿಚ್ಚಿ ಹಾಕೋದನ್ನ ಕೈಗೆ ರೂಢಿ ಆಗೋ ತನಕ ಮಾಡು. ಒದ್ದೆ ಮೈಯಲ್ಲಿ ಐದು ಗಂಟೆ ಕೂತ್ರೆ ತೊಡೆಸಂದು ಉಜ್ಜಿ ಹುಣ್ಣಾಗುತ್ತೆ, ಮೊದಲೇ ವ್ಯಾಸಲೀನ್ ಧಾರಾಳ ಹಚ್ಕೋ.

ವಾರಕ್ಕೆ ಮೂರು ಈಜು, ಮೂರು ಸೈಕಲ್, ಒಂದು ದಿನ ಪೂರ್ತಿ ವಿಶ್ರಾಂತಿ. ಭಾನುವಾರದ ಸವಾರಿ 60ರಿಂದ ಶುರು ಮಾಡಿ ವಾರಕ್ಕೆ ಹತ್ತು ಕಿ.ಮೀ. ಏರಿಸು, ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸು. ಜನವರಿಯಲ್ಲಿ ಎರಡು ಸಲವಾದ್ರೂ ಈಜಿ ಎದ್ದವಳೇ ಸೈಕಲ್ ಹತ್ತು. ಮಲಗಿದ್ದ ಮೈ ತಟ್ಟನೆ ಎದ್ದಾಗ ತಲೆ ತಿರುಗುತ್ತೆ, ಅದು ರೇಸಿನ ದಿನ ಹೊಸದಾಗಿ ಅನ್ನಿಸಬಾರದು. ಕೊನೆಯ ಎರಡು ವಾರ ಕಡಿಮೆ ಮಾಡ್ತಾ ಬಾ. ಮಂಡಿ ಊದಿದ್ರೆ, ಒಳಗೆ ಸಿಕ್ಕಿಹಾಕಿಕೊಂಡ ಹಾಗಾದ್ರೆ ಅವತ್ತೇ ನಿಲ್ಲಿಸಿ ಡಾಕ್ಟ್ರಿಗೆ ತೋರ್ಸು, ಇಲ್ಲಿ ಕೇಳ್ತಾ ಕೂರಬೇಡ ಮಾರಾಯ್ತಿ.

ನವರಾತ್ರಿಗೆ ಸಾಗರಕ್ಕೆ ಬರ್ತಿದ್ದೀನಿ. ಬೆಳಗ್ಗೆ ಆರೂವರೆಗೆ ತಾಳಗುಪ್ಪ ರೈಲ್ವೆ ಸ್ಟೇಷನ್ ಮುಂದೆ ಸಿಗು, ಅಲೆನ್ ಕೀ ನಾನು ತರ್ತೀನಿ. ಸೀಟು ಅಲ್ಲೇ ಮೊದಲ ಮೂರ್ನಾಲ್ಕು ಮಿಲಿಮೀಟರ್ ಏರಿಸಿ ಜೋಗದ ತನಕ ಒಟ್ಟಿಗೆ ಹೋಗೋಣ. ಎರಡು ಬಾಟಲಿ ತುಂಬಿಸಿಕೊಂಡು ಬಾ.