ಬೀಗ ಹಾಕಿದ ಹೊಲದ ಮನ್ಯಾಗಿನ ವಾಸನಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆರಿಸಿಕೊಂಡಿರೋ ಮೂರು ಪತ್ರಾನೂ ಹೊಲದ ಮನಿ ಬಗ್ಗೆನ ಅದಾವ. ಮೂರೂ ಕಡೆ ಕರೆಂಟ್ ಲೈನ್ ಇಲ್ಲ, ಕಾಯಂ ಯಾರೂ ಇರಂಗಿಲ್ಲ, ಬೀಗ ತಗದ ಕೂಡ್ಲೆ ಮೂಗಿಗೆ ಬಡಿಯೋ ವಾಸನಿ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಪ್ರಶ್ನೆ: ಕಾರಟಗಿ ಹತ್ರ ತುಂಗಭದ್ರಾ ಎಡದಂಡೆ ಕಾಲುವಿ ಗದ್ದಿ ನಡುವ ನಮ್ದೊಂದು 12×15 ಅಡಿ ಖೋಲಿ ಐತಿ, ಇಟ್ಟಂಗಿ ಗ್ವಾಡಿ, ಮ್ಯಾಲ ತಗಡು. ನಾವು ಇರೋದು ಹುಬ್ಬಳ್ಳ್ಯಾಗ, ತಿಂಗಳಿಗೊಮ್ಮೆ ಬರ್ತೀವಿ. ಬಾಗಲಾ ತಗದ್ರ ಮುಗ್ಗು ವಾಸನಿ, ಕೌದಿ ಮ್ಯಾಲೆಲ್ಲಾ ಬೂಸ್ಟು. ಊದಿನಕಡ್ಡಿ, ಫಿನಾಯಿಲ್, ಡಾಂಬರ್ ಗುಳಿಗಿ ಎಲ್ಲಾ ಆತು. ಕಿಡಕಿ ತಗದಿಟ್ಟು ಹೋಗೋಣಂದ್ರ ಹಾವು, ಇಲಿ, ಕಳ್ಳರ ಚಿಂತಿ. ಸೋಲಾರ್ ಫ್ಯಾನ್ ಹಾಕ್ಸಿದ್ರ ಹೋಗತೈತೇನ್ರಿ ಸರ?

ಉತ್ತರ: ಫ್ಯಾನಿನ ಮಾತು ಆಮ್ಯಾಲ ಬರ್ತೀನ್ರಿ, ಮೊದಲು ನೀರು ಎಲ್ಲಿಂದ ಬರಾಕತ್ತೈತಿ ಅನ್ನೋದು ಹುಡುಕ್ರಿ. ಮುಗ್ಗು ವಾಸನಿ ಅಂದ್ರ ಬೂಸ್ಟಿನ ವಾಸನಿ, ಬೂಸ್ಟಿಗೆ ಬೇಕಾಗಿದ್ದು ತೇವ, ಆ ತೇವದ ದಾರಿ ಬಂದ್ ಮಾಡದ ಬರೇ ಗಾಳಿ ಆಡಿಸಿದ್ರ ಒಂದು ಕಡೆಯಿಂದ ಒಣಗಿದಂಗ ಇನ್ನೊಂದು ಕಡೆಯಿಂದ ಹಸಿ ಆಗ್ತಾನ ಇರತೈತಿ. ಊದಿನಕಡ್ಡಿ, ಡಾಂಬರ್ ಗುಳಿಗಿ ಇವೆಲ್ಲಾ ವಾಸನಿ ಮುಚ್ಚತಾವ ಅಷ್ಟ, ಬೂಸ್ಟು ತನ್ನಷ್ಟಕ್ಕ ತಾನು ಬೆಳೀತಿರತೈತಿ.

ನಿಮ್ಮ ಖೋಲಿಗೆ ನೀರು ಎರಡು ಕಡೆಯಿಂದ ಬರಬಹುದು, ನೆಲದಿಂದ ಮತ್ತ ತಗಡಿನಿಂದ. ನೆಲದ್ದು ಗೊತ್ತುಮಾಡ್ಕೊಳ್ಳೋದು ಬಾಳ ಸರಳ ಐತ್ರಿ: ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳಿ ನೆಲಕ್ಕ ಹಾಸಿ ನಾಲ್ಕೂ ಅಂಚಿಗೆ ಟೇಪ್ ಬಡದು ಎರಡು ದಿನ ಬಿಡ್ರಿ, ಎತ್ತಿ ನೋಡಿದಾಗ ಹಾಳಿ ಕೆಳಗ ಹನಿ ಕುಂತಿದ್ರ ಅಥವಾ ನೆಲ ಕಪ್ಪಾಗಿದ್ರ ನೀರು ನೆಲದಿಂದ ಏರಾಕತ್ತೈತಿ ಅಂತ ಅರ್ಥ, ಹಾಳಿ ಮ್ಯಾಲ ಹನಿ ಇದ್ರ ಅದು ಒಳಗಿನ ಗಾಳ್ಯಾಗಿಂದು. ಕಾಲುವಿಗೆ ನೀರು ಬಿಟ್ಟು ಗದ್ದಿ ತುಂಬಿಸಿದ ಮ್ಯಾಲ ಎರಿ ಮಣ್ಣು ನೀರು ಹೀರಿ ಉಬ್ಬತೈತಿ, ಸುಲಭಕ್ಕ ಬಿಟ್ಟುಕೊಡಂಗಿಲ್ಲ, ಅಡಿಪಾಯದ ಇಟ್ಟಂಗಿ ಆ ನೀರನ್ನ ಮ್ಯಾಲಕ್ಕ ಎಳಕೊಂತೈತಿ. ಗ್ವಾಡಿ ಬುಡಕ್ಕ ಬೆಳ್ಳನ ಪುಡಿ ಉದುರತಿದ್ರ ಅದು ಉಪ್ಪು, ನೀರಿನ ಜೋಡಿ ಏರಿ ಬಂದು ಅಲ್ಲೇ ಕುಂತಿರತೈತಿ. ನಿಮ್ಮ ಕಡೆ ಸವಳಾದ ಭೂಮಿ ಬೇಕಾದಷ್ಟು ಐತಿ, ನಾ ಹೇಳೋದು ಬ್ಯಾಡ. ಇದಕ್ಕ ಗದ್ದಿ ನೀರು ಗ್ವಾಡಿ ತನಕ ಬರದಂಗ ಸುತ್ತ ಒಡ್ಡು ಹಾಕ್ರಿ, ಒಡ್ಡಿಗೂ ಗ್ವಾಡಿಗೂ ನಡುವ ಒಂದು ಸಣ್ಣ ಕಾಲುವಿ ತಗದು ನೀರು ದೂರ ಹರದು ಹೋಗೋ ಹಂಗ ಇಳಿಜಾರು ಕೊಡ್ರಿ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಒಂದು ಅಡಿನಾದ್ರೂ ಕೆಳಗಿರಲಿ. ಗೌಂಡಿ ಬಂದು ಒಳಗ ಸಿಮೆಂಟ್ ಗಿಲಾವ್ ಮಾಡಿ ಪ್ಲಾಸ್ಟಿಕ್ ಪೇಂಟ್ ಹೊಡದ್ರ ಮುಗೀತು ಅಂತಾನ, ದಯವಿಟ್ಟು ಒಪ್ಪಬ್ಯಾಡ್ರಿ, ಒಳಗಿನ ಹಸಿ ಹೊರಗ ಹೋಗಾಕ ದಾರಿ ಇಲ್ದ ಪೇಂಟು ಹಪ್ಪಳದಂಗ ಎದ್ದು ಬರತೈತಿ. ಸುಣ್ಣಾ ಹಚ್ಚ್ರಿ, ಸುಣ್ಣದ ಗ್ವಾಡಿ ಉಸಿರಾಡತೈತಿ, ಅದರ ಮ್ಯಾಲ ಬೂಸ್ಟೂ ಜಲ್ದಿ ಹಿಡಿಯಂಗಿಲ್ಲ.

ಇನ್ನ ತಗಡು. ಇದನ್ನ ಬಾಳ ಮಂದಿ ಸೋರಿಕಿ ಅಂತ ತಿಳಕೊಂಡು ಎಂ-ಸೀಲ್ ಹಚ್ಚತಾರ. ಚಳಿಗಾಲದಾಗ, ಮಾಡ ಇಲ್ಲದ ರಾತ್ರಿ, ತಗಡು ತನ್ನ ಬಿಸಿ ಎಲ್ಲಾ ಆಕಾಶಕ್ಕ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗ ಆಗತೈತಿ, ಒಳಗಿನ ತೇವದ ಗಾಳಿ ಅದಕ್ಕ ತಾಗಿ ನೀರಾಗತೈತಿ. ಒಮ್ಮೆ ಅಲ್ಲೇ ವಸ್ತಿ ಇದ್ದು ನಸುಕಿನ್ಯಾಗ ಬ್ಯಾಟ್ರಿ ಬಿಟ್ಟು ನೋಡ್ರಿ, ತಗಡಿನ ಪ್ರತಿ ಮಡಿಕಿ ಉದ್ದಕ್ಕೂ ಹನಿ ಸಾಲಾಗಿ ಕುಂತು, ಒಂದಕ್ಕೊಂದು ಕೂಡಿ ಜಾರಿ, ಆಂಗಲ್ ಬಂದಲ್ಲಿ ನಿಂತು ಟಪ್ಪಂತ ಕೆಳಗ ಬೀಳ್ತಾವ. ನಿಮ್ಮ ಕೌದಿ ಹಸಿ ಆಗೋದು ಹಿಂಗ ಇರಬಹುದು. ತಗಡಿನ ಕೆಳಗ ಫಾಯಿಲ್ ಹಚ್ಚಿದ ಇನ್ಸುಲೇಷನ್ ಶೀಟ್ ಬಡಿಸಿದ್ರ ಚಳಿಗಾಲದ ಹನಿ, ಬ್ಯಾಸಗಿ ಝಳ ಎರಡೂ ಕಡಿಮಿ ಆಗತಾವ. ಜ್ವಾಳದ ದಂಟು ಹೊಚ್ಚಬ್ಯಾಡ್ರಿ, ಯಾರೂ ಇಲ್ಲದ ಮನಿಗೆ ಅದು ಇಲಿ, ಬೆಂಕಿ ಎರಡಕ್ಕೂ ಆಸ್ರ.

ಈಗ ಗಾಳಿ. ಒಂದ ಕಿಡಕಿ ಎಷ್ಟು ದೊಡ್ಡದು ತಗದಿಟ್ರೂ ಗಾಳಿ ಆಡಂಗಿಲ್ರಿ, ಬರಾಕ ಒಂದು ದಾರಿ, ಹೋಗಾಕ ಒಂದು ದಾರಿ ಬೇಕು, ಒಂದು ಕೆಳಗ, ಇನ್ನೊಂದು ಎದುರಿನ ಗ್ವಾಡಿಗೆ ತಗಡಿನ ಬುಡಕ್ಕ. ಬಿಸಿ ಗಾಳಿ ಹಗುರ, ಮ್ಯಾಲೇರಿ ಹೊರಗ ಹೋಗತೈತಿ, ಅದರ ಜಾಗಕ್ಕ ಕೆಳಗಿನಿಂದ ಹೊಸ ಗಾಳಿ ಬರತೈತಿ. ನಮ್ಮ ಹಳೆ ಮಾಳಗಿ ಮನ್ಯಾಗ ಬೆಳಕಿಂಡಿ ಮಾಡ್ತಿದ್ದ ಕೆಲಸ ಇದ. ನಿಮ್ಮ ಅಳತಿ ಖೋಲಿಗೆ ಒಂದೊಂದು ಚದರ ಅಡಿ ಕಿಂಡಿ ನಡೀತಾವು, ಆದ್ರ ಸೊಳ್ಳಿ ಜಾಳಗಿ ಗಾಳಿನ್ನ ಬಾಳ ತಡೀತೈತಿ, ಅದಕ್ಕ ಒಂದೂವರಿ ಅಡಿ ಚೌಕ ಬಿಡ್ಸ್ರಿ. ಮಳಿಗಾಲದ ಗಾಳಿ ನಮ್ಮಲ್ಲಿ ಪಡುವಣದಿಂದ ಬೀಸತೈತಿ, ಹಂಗಾಗಿ ಕೆಳಗಿನ ಕಿಂಡಿ ಪಡುವಣಕ್ಕ, ಮ್ಯಾಲಿಂದು ಮೂಡಣಕ್ಕ, ಪಡುವಣದ್ದಕ್ಕ ಇರಚಲು ಹೊಡಿಯದಂಗ ಕೆಳಮುಖ ಮಾಡಿದ ತಗಡಿನ ಪಟ್ಟಿ ಹಾಕಸ್ರಿ. ಎರಡಕ್ಕೂ ಕಬ್ಬಿಣದ ಸರಳು, ಅದರ ಹಿಂದ ಕಾಲಿಂಚಿನ ಜಿಐ ಜಾಳಗಿ, ಒಳಗ ಸೊಳ್ಳಿ ಜಾಳಗಿ. ಕಾಲಿಂಚು ಅಂದಿದ್ದು ಸುಮ್ಮನ ಅಲ್ಲ, ಅರ್ಧ ಇಂಚಿನ ಸಂದ್ಯಾಗ ಇಲಿ ಮರಿ ಆರಾಮ ತೂರತೈತಿ, ಇಲಿ ಹೋದಲ್ಲಿ ಹಾವು ಹೋಗೇ ಹೋಗತೈತಿ. ನೈಲಾನ್ ಜಾಳಗಿ ಬ್ಯಾಡ, ಕಡದು ಹಾಕ್ತಾವ. ಬಾಗಲದ ಕೆಳಗಿನ ಸಂದಿನೂ ನೋಡ್ರಿ. ಇಷ್ಟು ಮಾಡಿದ್ರ ಕಿಡಕಿ ಬಂದ್ ಇರಲಿ, ಬೀಗ ಇರಲಿ, ಗಾಳಿ ತನ್ನ ಪಾಡಿಗೆ ಆಡತಿರತೈತಿ.

ಆಮ್ಯಾಲೂ ಸಾಲದು ಅನಿಸಿದ್ರ ಫ್ಯಾನ್. ಮ್ಯಾಲಿನ ಕಿಂಡಿಗೆ 12 ವೋಲ್ಟಿನ ಸಣ್ಣ ಎಕ್ಸಾಸ್ಟ್, ಅದಕ್ಕ ನೇರ 20 ವ್ಯಾಟ್ ಪ್ಯಾನಲ್, ಬ್ಯಾಟ್ರಿ ಬ್ಯಾಡ. ಬಿಸಿಲು ಬಿದ್ದಾಗ ತಿರಗತೈತಿ, ಮುಳುಗಿದಾಗ ನಿಲ್ಲತೈತಿ, ನಿಮಗೂ ಅದ ಬೇಕು. ಯಾಕಂದ್ರ ರಾತ್ರಿ ಗಾಳಿ ತಂಪು ಅನಿಸಿದ್ರೂ ಅದರಾಗ ಇನ್ನಷ್ಟು ಹಸಿ ಹೀರಿಕೊಳ್ಳೋ ಜಾಗ ಕಡಿಮಿ, ಮಧ್ಯಾಹ್ನದ ಬೆಚ್ಚನ್ನ ಗಾಳಿ ಗ್ವಾಡಿ, ಗಾದಿಯಿಂದ ಹಸಿ ಎಳಕೊಂಡು ಹೋಗತೈತಿ. ಕೆಳಗಿನ ಕಿಂಡಿ ಇಲ್ದ ಫ್ಯಾನ್ ಮಾತ್ರ ಹಾಕಿದ್ರ ರೊಕ್ಕ ದಂಡ.

ಇನ್ನೊಂದು, ನೀವು ಬರದಿಲ್ಲ, ಆದ್ರ ಗದ್ದಿ ಖೋಲಿ ಅಂದ ಮ್ಯಾಲ ಕೇಳಲೇಬೇಕು: ಒಳಗ ಯೂರಿಯಾ ಚೀಲ, ಬೆಳಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ಡಬ್ಬಿ ಇಟ್ಟೀರೇನು? ಯೂರಿಯಾ ಗಾಳ್ಯಾಗಿನ ತೇವ ಎಳದು ತಾನೂ ನೀರಾಗಿ ಚೀಲದ ಕೆಳಗ ನೆಲಾನೂ ಹಸಿ ಮಾಡತೈತಿ, ಎಣ್ಣಿ ಅಂತೂ ಮಕ್ಕಳು ಮಲಗೋ ಖೋಲ್ಯಾಗ ಇರಲೇಬಾರದು. ಎರಡಕ್ಕೂ ಹೊರಗ ಬ್ಯಾರೆ ಗೂಡು ಕಟ್ಟಸ್ರಿ. ಕೌದಿ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಒಣಗಿದ ಬೇವಿನ ಎಲಿ ಜೋಡಿ ಕಬ್ಬಿಣದ ಟ್ರಂಕಿನ್ಯಾಗ ಇಡ್ರಿ, ಗಾದಿ ಗ್ವಾಡಿಗೆ ತಾಗದಂಗ ನಿಲ್ಲಿಸಿ ಹೋಗ್ರಿ. ಬಂದ ದಿನ ಬಾಗಲಾ ತಗದು ಅರ್ಧ ತಾಸು ಹೊರಗ ಕುಂದ್ರ್ರಿ. ಇಲಿ ಹಿಕ್ಕಿ ಕಂಡ್ರ ಒಣಾ ಕಸಬರಿಗಿಲೆ ಹೊಡಿಯಬ್ಯಾಡ್ರಿ, ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ ಒರಸ್ರಿ, ಗದ್ದಿ ಕಡೆ ಇಲಿ ಜ್ವರದ ಹೆದರಿಕಿ ಇರತೈತಿ.

ಪ್ರಶ್ನೆ: ಕುಷ್ಟಗಿ ಕಡೆ ಮಸಾರಿ ಹೊಲದಾಗ ಆರ್‌ಸಿಸಿ ಮನಿ. ಬ್ಯಾಸಗ್ಯಾಗ ಹೋಗೋದು ಕಡಿಮಿ. ಹಸಿ ಎಲ್ಲೂ ಇಲ್ಲ, ಆದ್ರೂ ಮನಿ ತುಂಬ ಗಟಾರದ ವಾಸನಿ. ಯಾಕ್ರಿ?

ಉತ್ತರ: ನಿಮ್ಮಲ್ಲಿ ನೀರು ಇಲ್ಲದ್ದ ತೊಂದರಿ. ಬಚ್ಚಲದ ಜಾಳಗಿ ಕೆಳಗಿನ ಟ್ರ್ಯಾಪಿನ್ಯಾಗ, ಅಂದ್ರ ನೀರು ಹಿಡದಿಡೋ ಬಾಗಿದ ಪೈಪಿನ್ಯಾಗ, ಎರಡು ಇಂಚಿನಷ್ಟು ನೀರು ನಿಂತಿರತೈತಿ, ಸೆಪ್ಟಿಕ್ ಟ್ಯಾಂಕಿನ ಗ್ಯಾಸ್ ಒಳಗ ಬರದಂಗ ತಡಿಯೋದು ಆ ನೀರ. 40 ಡಿಗ್ರಿ ಬಿಸಿಲಾಗ ಬಳಕಿ ಇಲ್ದ ಅದು ಆರಿ ಹೋಗತೈತಿ, ಗ್ಯಾಸ್ ಸೀದಾ ಮನಿಯೊಳಗ. ಬೀಗ ಹಾಕೋ ಮುಂಚೆ ಪ್ರತಿ ಜಾಳಗಿಗೂ ಒಂದು ತಂಬಗಿ ನೀರು ಸುರುವಿ ಮ್ಯಾಲ ಎರಡು ಚಮಚ ಅಡಗಿ ಎಣ್ಣಿ ಬಿಡ್ರಿ, ಎಣ್ಣಿ ಪದರ ನೀರು ಆರದಂಗ ಬಾಳ ದಿನ ಕಾಯತೈತಿ. ಕಮೋಡಿಗೂ ಹಂಗ ಮಾಡಿ ಮುಚ್ಚಳ ಹಾಕ್ರಿ. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪು ಕಿಡಕಿ ಹತ್ರನ ಮುಗದಿದ್ರ ಮಾಳಗಿ ಮ್ಯಾಲ ತನಕ ಎತ್ತರಿಸ್ರಿ, ತುದಿಗೆ ಜಾಳಗಿ ಕಟ್ಟಿರಲಿ.

ಪ್ರಶ್ನೆ: ಸಂಡೂರು ಹತ್ರ ತೋಟದ ಮನಿ. ಸೋಲಾರ್ ಬ್ಯಾಟ್ರಿ ಮಲಗೋ ಖೋಲ್ಯಾಗ ಇಟ್ಟೀವಿ. ಹೋದ ಸಲ ಬಾಗಲಾ ತಗದಾಗ ಕೊಳತ ತತ್ತಿ ವಾಸನಿ ಬಂತು. ಇಲಿ ಸತ್ತಿರಬೇಕು ಅಂತ ಹುಡುಕಿದ್ವಿ, ಸಿಗಲಿಲ್ಲ.

ಉತ್ತರ: ಅಕ್ಕಾರ, ಇದನ್ನ ಹಗುರ ತಗೋಬ್ಯಾಡ್ರಿ. ನೀರು ಹಾಕೋ ಲೆಡ್ ಆಸಿಡ್ ಬ್ಯಾಟ್ರಿ ಮಿತಿ ಮೀರಿ ಚಾರ್ಜ್ ಆದಾಗ ಬರೋ ವಾಸನಿ ಅದ, ಆ ಗ್ಯಾಸು ವಿಷ. ಅದರ ಜೋಡಿ ಹೈಡ್ರೋಜನ್ನೂ ಬರತೈತಿ, ವಾಸನಿ ಇಲ್ಲ, ಗಾಳ್ಯಾಗ ನೂರಕ್ಕ 4 ಭಾಗ ಆದ್ರ ಸಾಕು, ಒಂದು ಕಿಡಿಗೆ ಹತ್ತಿಕೊಂತೈತಿ. ಮತ್ತ ಆ ವಾಸನಿ ಬಂದ್ರ ಒಳಗ ಸ್ವಿಚ್ ಮುಟ್ಟಬ್ಯಾಡ್ರಿ, ದೀಪ, ಒಲಿ ಹಚ್ಚಬ್ಯಾಡ್ರಿ, ಬಾಗಲಾ ತಗದು ಹೊರಗ ಬಂದು ಪ್ಯಾನಲ್ ಮ್ಯಾಲ ದಪ್ಪನ ಕೌದಿ ಹೊಚ್ಚ್ರಿ, ಚಾರ್ಜಿಂಗ್ ತಾನ ನಿಲ್ಲತೈತಿ. ವಾಸನಿ ಪೂರ್ತಿ ಹೋದ ಮ್ಯಾಲ ಸೋಲಾರ್ ಮೆಕ್ಯಾನಿಕ್ ಕರಸಿ, ಬ್ಯಾಟ್ರಿ ಮಿತಿ ಮೀರಿ ಚಾರ್ಜ್ ಆಗದಂಗ ತಡಿಯೋ ಚಾರ್ಜ್ ಕಂಟ್ರೋಲರ್ ನೋಡಸ್ರಿ, ಬ್ಯಾಟ್ರಿ ಉಬ್ಬಿದ್ರ ಬದಲಿಸ್ರಿ. ಮುಂದ ಬ್ಯಾಟ್ರಿ ಇಡಾಕ ಹೊರಗ ಕಟ್ಟಿ ಮ್ಯಾಲ ನೆರಳಿನ್ಯಾಗ ಒಂದು ಪೆಟ್ಟಿಗಿ ಮಾಡಸ್ರಿ, ಹೈಡ್ರೋಜನ್ ಹಗುರ ಅಂತ ಅದರ ಕಿಂಡಿ ಮ್ಯಾಲಿನ ತುದ್ಯಾಗ ಇರಲಿ, ಕೆಳಗೂ ಒಂದು ಇರಲಿ. ನಿಮ್ಮ ಕಡೆ ಕೆಂಪು ದೂಳು ಜಾಸ್ತಿ, ಹೋದಾಗೊಮ್ಮೆ ಪೆಟ್ಟಿಗಿ ಕಿಂಡಿ ಜಾಳಗಿಗೆ ಬ್ರಷ್ ಹೊಡೀರಿ, ಡಿಸ್ಟಿಲ್ಡ್ ವಾಟರ್ ಎಷ್ಟೈತಿ ಅಂತ ನೋಡಿ ಕಮ್ಮಿ ಇದ್ರ ತುಂಬಸ್ರಿ.