ನಿಲ್ದಾಣ ಕಟ್ಟುವವರಿಗೆ ನೀರಲ್ಲಿ ಯಾಕೆ ಪಾಠ?

ತೀರ್ಥಹಳ್ಳಿಯವರೇ, ಬಾಹ್ಯಾಕಾಶ ನಿಲ್ದಾಣ ಕಟ್ಟುವವರಿಗೆ ನೀರಿನೊಳಗೆ ಯಾಕೆ ತರಬೇತಿ ಅಂತ ನಿಮ್ಮ ಮಗಳು ಕೇಳಿದಳು ಅಂದಿರಿ. ತುಂಗೆಯಲ್ಲಿ ಈಜಿದವಳಿಗೆ ಅರ್ಧ ಉತ್ತರ ಗೊತ್ತೇ ಇರುತ್ತದೆ. ನೀರಲ್ಲಿ ಮೈ ಹಗುರ, ಅಲ್ವಾ?

ಹ್ಯೂಸ್ಟನ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಕೊಳ ಇದೆ. 62 ಮೀಟರ್ ಉದ್ದ, 12 ಮೀಟರ್ ಆಳ. ಸುಮಾರಾದ ಅಡಿಕೆ ಮರ ನಿಂತಲ್ಲೇ ಮುಳುಗುತ್ತದೆ! ಒಳಗೆ ನಿಲ್ದಾಣದ ಭಾಗಗಳ ನಿಜಗಾತ್ರದ ಮಾದರಿಗಳು. ಗಗನಯಾತ್ರಿಯ ಸೂಟಿಗೆ ತೂಕ ಕಟ್ಟಿ, ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ಇರುವಂತೆಯೇ, ತೇಲದೆ ಮುಳುಗದೆ ನಿಲ್ಲುವ ಹಾಗೆ ಹದ ಮಾಡುತ್ತಾರೆ. ಒಮ್ಮೆ ಇಳಿದರೆ ಆರು ಗಂಟೆ ಹತ್ತಿರ ಅಲ್ಲೇ.

ಜಾಸ್ತಿ ಸೋಲುವುದು ಕೈ. ಸೂಟಿನೊಳಗಿನ ಒತ್ತಡಕ್ಕೆ ಗ್ಲೌಸ್ ಉಬ್ಬಿ ಬಿಗಿಯಾಗುತ್ತದೆ. ಪ್ರತಿ ಸಲ ಸ್ಪ್ಯಾನರ್ ಹಿಡಿದಾಗಲೂ ಚೆಂಡು ಹಿಸುಕಿದ ಹಾಗೆ. ದಿನವಿಡೀ ಅಡಿಕೆ ಸುಲಿದವರ ಬೆರಳು ನೆನಪಿಸಿಕೊಳ್ಳಿ.

ಆದರೆ ನೀರು ಸ್ವಲ್ಪ ಮೋಸವನ್ನೂ ಮಾಡುತ್ತದೆ. ಅದು ಚಲನೆಯನ್ನು ತಡೆಯುತ್ತದೆ; ಬಾಹ್ಯಾಕಾಶದಲ್ಲಾದರೆ ತಳ್ಳಿದ್ದು ತಾನಾಗಿ ನಿಲ್ಲುವುದಿಲ್ಲ. ಕೊಳದಲ್ಲಿ ತಲೆಕೆಳಗಾದರೆ ರಕ್ತ ತಲೆಗೇ ಇಳಿಯುತ್ತದೆ, ಅಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಕಂಪ್ಯೂಟರ್ ದೃಶ್ಯವನ್ನು ಕಣ್ಣೆದುರೇ ನಿಜದಂತೆ ತೋರಿಸುವ ವರ್ಚುವಲ್ ರಿಯಾಲಿಟಿ ಲ್ಯಾಬಿನಲ್ಲೂ ಅಭ್ಯಾಸ ಇರುತ್ತದೆ.

1998ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜಾರ್ಯಾ, ಯೂನಿಟಿ ಎಂಬ ಮೊದಲ ಎರಡು ಭಾಗ ಸೇರಿದಾಗ, ಗಗನಯಾತ್ರಿಗಳಾದ ಜೆರ್ರಿ ರಾಸ್ ಮತ್ತು ಜೇಮ್ಸ್ ನ್ಯೂಮನ್ ಮೂರು ಸಲ ಹೊರಗೆ ಹೋಗಿ ಕೇಬಲ್ ಜೋಡಿಸಿದರು.

ಮಗಳು ದಪ್ಪ ರಬ್ಬರ್ ಗ್ಲೌಸ್ ಎರಡು ಜೊತೆ ಹಾಕಿಕೊಂಡು, ಬಕೆಟ್ ನೀರಲ್ಲಿ ನಟ್‌ ಬೋಲ್ಟ್ ಬಿಗಿಸಿ ನೋಡಲಿ.